230ನೇ ಕಿಲೋಮೀಟರಿನಲ್ಲಿ ಸೈಕಲ್ ಇಳಿದ ಮೇಲೆ

ಮೊದಲ ಸಲ 300 ಕಿಲೋಮೀಟರ್ ಬ್ರೆವೆಗೆ ಹೋದಾಗ 230ನೇ ಕಿಲೋಮೀಟರಿನಲ್ಲಿ ಬಿಟ್ಟೆ. ಟೈಮು ಮೀರಿರಲಿಲ್ಲ. ಸೈಕಲ್ ಕೆಟ್ಟಿರಲಿಲ್ಲ. ಕಾಲಲ್ಲಿ ಇನ್ನೂ ಅಷ್ಟೋ ಇಷ್ಟೋ ಶಕ್ತಿ ಉಳಿದಿತ್ತು. ಆದರೆ ರಸ್ತೆ ಪಕ್ಕದ ಕಟ್ಟೆ ಮೇಲೆ ಕೂತು ಹೆಲ್ಮೆಟ್ಟಿನ ಬಕಲ್ ಬಿಚ್ಚಲು ನೋಡಿದರೆ ಬೆರಳು ಮಾತು ಕೇಳಲಿಲ್ಲ. ಕಿರುಬೆರಳು, ಉಂಗುರದ ಬೆರಳು ಎರಡೂ ಪೂರ್ತಿ ಜೋಮು ಹಿಡಿದಿದ್ದವು. ಹಿಂದೆ ಬಂದ ಇನ್ನೊಬ್ಬ ಸವಾರರು ನಿಂತು ಬಕಲ್ ಬಿಚ್ಚಿಕೊಟ್ಟರು. ತಿನ್ನಲು ಏನೋ ಕೊಟ್ಟರು, ಅದನ್ನು ನೋಡಿದರೇ ಹೊಟ್ಟೆ ತೊಳಸಿತು. ಬ್ರೇಕ್ ಹಿಡಿಯಲಾಗದ ಕೈ ಇಟ್ಟುಕೊಂಡು ಕತ್ತಲಲ್ಲಿ ಇಳಿಜಾರು ಇಳಿಯುವುದು ಬೇಡ ಅಂತ ಅಲ್ಲೇ ನಿಲ್ಲಿಸಿದೆ.

ಬ್ರೆವೆ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಗೊತ್ತುಮಾಡಿದ ಟೈಮಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ, ರೇಸ್ ಅಲ್ಲ. ಯಾರು ಮೊದಲು ಬಂದರು ಅನ್ನುವ ಲೆಕ್ಕವೇ ಇಲ್ಲ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಅಷ್ಟರೊಳಗೆ ಮುಗಿಸಬೇಕು, ದಾರಿಯಲ್ಲಿ ಬರುವ ಕಂಟ್ರೋಲುಗಳಲ್ಲಿ, ಅಂದರೆ ತಪಾಸಣೆಯ ಜಾಗಗಳಲ್ಲಿ, ಗುರುತು ಹಾಕಿಸಿಕೊಳ್ಳಬೇಕು, ಅಷ್ಟೇ. ಇವುಗಳಲ್ಲೆಲ್ಲ ಹೆಸರಾದದ್ದು ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್. ಅದು ಶುರುವಾಗಿದ್ದು 1891ರಲ್ಲಿ, ಆಗ ರೇಸ್ ಆಗಿಯೇ. ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ, ಸುಮಾರು 1200 ಕಿಲೋಮೀಟರಿಗೆ ಹೆಚ್ಚೆಂದರೆ 90 ಗಂಟೆ.

ನಾನು 230ಕ್ಕೆ ಬಂದಿದ್ದು ಹನ್ನೊಂದೂವರೆ ಗಂಟೆಯಲ್ಲಿ. ಗಂಟೆಗೆ 15ರಂತೆ ಬಂದಿದ್ದರೂ ಸಾಕಿತ್ತು, ಅಂದರೆ ಹದಿನೈದು ಗಂಟೆ ಇಪ್ಪತ್ತು ನಿಮಿಷ. ನಾಲ್ಕು ಗಂಟೆ ಹತ್ತಿರ ಕೈಯಲ್ಲಿ ಉಳಿದಿತ್ತು, ಆದರೂ ಬಿಟ್ಟೆ. ಮನೆಗೆ ಬಂದ ಮೇಲೆ ವಾರಗಟ್ಟಲೆ ತಲೆಯಲ್ಲಿ ಕೊರೆದಿದ್ದು ಇದೇ. ಆ ತನಕ ನಾನು ಸಾಮಾನು ಕೊಂಡಿದ್ದು, ಅಭ್ಯಾಸ ಮಾಡಿದ್ದು ಎಲ್ಲವೂ ಮೊದಲ ಎರಡು ಗಂಟೆ ಜೋರಾಗಿ ಹೋಗಲಿಕ್ಕೆ. ಹತ್ತನೇ ಗಂಟೆಯಲ್ಲಿ ಏನಾಗುತ್ತದೆ ಅಂತ ಯೋಚಿಸಿಯೇ ಇರಲಿಲ್ಲ. ಅಲ್ಲಿಂದ ಮುಂದೆ ಒಂದು ವರ್ಷ ಪ್ರತಿಯೊಂದಕ್ಕೂ ಇದೇ ಪ್ರಶ್ನೆ ಹಾಕಿಕೊಂಡೆ.

ಮೊದಲು ಕೈಯಿಂದ ಶುರು ಮಾಡಿದೆ. ಅಂಗೈಯ ಕಿರುಬೆರಳಿನ ಕಡೆ, ಮಣಿಕಟ್ಟಿನ ಹತ್ತಿರ ಅಲ್ನಾರ್ ಅನ್ನುವ ನರ ಹಾದುಹೋಗುತ್ತದೆ. ಗಂಟೆಗಟ್ಟಲೆ ಅದರ ಮೇಲೆ ಭಾರ ಬಿದ್ದರೆ ಆ ಎರಡು ಬೆರಳು ಜೋಮು ಹಿಡಿಯುತ್ತವೆ. ಎಲ್ಲರೂ ಮಾಡುವ ಹಾಗೆ ನಾನೂ ಮೊದಲು ದಪ್ಪ ಜೆಲ್ ಇರುವ ಗ್ಲೌಸ್ ತಂದೆ. ಏನೂ ಬದಲಾಗಲಿಲ್ಲ. ಆಮೇಲೆ ಸೀಟಿನ ಮೇಲೆ ಒಂದು ಗಟ್ಟಿ ರಟ್ಟಿನ ಪುಸ್ತಕ ಇಟ್ಟು, ಅದರ ಮೇಲೆ ರಸಮಟ್ಟ ಇಟ್ಟು ನೋಡಿದೆ. ಗುಳ್ಳೆ ಪೂರ್ತಿ ಹಿಂದಕ್ಕೆ ಓಡಿತು. ಸೀಟಿನ ಮೂತಿ ಕೆಳಗೆ ವಾಲಿತ್ತು! ಅಂದರೆ ಮೈ ಸದಾ ಮುಂದಕ್ಕೆ ಜಾರುತ್ತಿತ್ತು, ಅದನ್ನು ತಡೆದು ಹಿಡಿಯುವ ಕೆಲಸವನ್ನು ಹನ್ನೊಂದೂವರೆ ಗಂಟೆ ಅಂಗೈ ಮಾಡಿತ್ತು. ತಪ್ಪು ಇದ್ದದ್ದು ಸೀಟಿನಲ್ಲಿ, ನೋವು ಕಂಡದ್ದು ಕೈಯಲ್ಲಿ.

ಸೀಟನ್ನು ಮಟ್ಟ ಮಾಡಿದೆ. ಎತ್ತರವನ್ನೂ ಅಳೆದೆ. ಇದಕ್ಕೆ ಗ್ರೆಗ್ ಲೆಮಾಂಡ್ ಹೆಸರಿನ ಒಂದು ಹಳೆಯ ಲೆಕ್ಕ ಇದೆ, 1989ರ ಟೂರ್ ಡಿ ಫ್ರಾನ್ಸನ್ನು ಬರೀ 8 ಸೆಕೆಂಡಿನಲ್ಲಿ ಗೆದ್ದವರು ಅವರೇ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ಕಾಲ ಸಂದಿಯಲ್ಲಿ ಪುಸ್ತಕವನ್ನು ಸೀಟಿನ ಹಾಗೆ ಒತ್ತಿ ಹಿಡಿದು, ಪುಸ್ತಕದ ಮೇಲಿನ ಅಂಚಿನಿಂದ ನೆಲದವರೆಗೆ ಅಳೆಯಬೇಕು. ಅದನ್ನು 0.883ರಿಂದ ಗುಣಿಸಿದರೆ ಪೆಡಲ್ ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಸಿಗುತ್ತದೆ. ನನ್ನದು 80 ಸೆಂಟಿಮೀಟರ್, ಲೆಕ್ಕಕ್ಕೆ 70.6. ನಾನು ಕೂರುತ್ತಿದ್ದುದು 72.5ರಲ್ಲಿ. ಮಂಡಿಯ ಹಿಂಭಾಗ ಯಾಕೆ ನೋಯುತ್ತಿತ್ತು ಅಂತ ಆಗ ಗೊತ್ತಾಯಿತು. ಸೀಟು ಜಾಸ್ತಿ ಎತ್ತರ ಇದ್ದರೆ ಸಾಮಾನ್ಯವಾಗಿ ಮಂಡಿಯ ಹಿಂದೆ ನೋವು, ಜಾಸ್ತಿ ತಗ್ಗಿದ್ದರೆ ಮಂಡಿಯ ಮುಂದೆ. ಆ ಲೆಕ್ಕವೇ ಕೊನೆ ಮಾತಲ್ಲ. ಪಾದದ ಉದ್ದ, ಬೂಟಿನ ಅಟ್ಟೆಯ ದಪ್ಪ ಎಲ್ಲ ಸೇರಿ ಎರಡು ಮೂರು ಮಿಲಿಮೀಟರ್ ಆಚೀಚೆ ಆಗುತ್ತದೆ. ನಾನು ನಿಂತಿದ್ದು 70.9ರಲ್ಲಿ.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸೀಟು, ಹ್ಯಾಂಡಲ್, ಬೂಟನ್ನು ಪೆಡಲಿಗೆ ಸಿಕ್ಕಿಸುವ ಕ್ಲೀಟು ಮೂರನ್ನೂ ಒಂದೇ ದಿನ ಅಲುಗಿಸಿದರೆ ಯಾವುದರಿಂದ ಒಳ್ಳೆಯದಾಯಿತು, ಯಾವುದರಿಂದ ಕೆಟ್ಟಿತು ಅಂತ ತಿಳಿಯುವುದೇ ಇಲ್ಲ. ನಾನು ಸೀಟಿನ ಕಂಬಕ್ಕೆ ಕರೀ ಇನ್ಸುಲೇಷನ್ ಟೇಪ್ ಸುತ್ತಿ ಹಳೆಯ ಎತ್ತರದ ಗುರುತು ಉಳಿಸಿಕೊಂಡಿದ್ದೆ. ಒಂದು ಬದಲಾವಣೆ, ನಾಲ್ಕು ಸವಾರಿ, ಆಮೇಲೆ ಮುಂದಿನದು. ಸೀಟು ಸರಿಯಾದ ಮೇಲೆ ಹ್ಯಾಂಡಲನ್ನು 15 ಮಿಲಿಮೀಟರ್ ಮೇಲಕ್ಕೆತ್ತಿದೆ. ಗಾಳಿಗೆ ಎದೆ ಸ್ವಲ್ಪ ಜಾಸ್ತಿ ಕೊಟ್ಟ ಹಾಗಾಯಿತು, ನಿಜ. ಆದರೆ ತಗ್ಗಿ ಕೂರಲು ಆಗುವುದು ಎರಡೇ ಗಂಟೆ ಅಂದಮೇಲೆ ಉಳಿದ ಹದಿನೈದು ಗಂಟೆಗೆ ಅದರಿಂದ ಏನು ಲಾಭ?

ಟೈರಿನ ಕಥೆಯೂ ಹಾಗೆಯೇ. ಸಣ್ಣ ಟೈರು, ಕಲ್ಲಿನ ಹಾಗೆ ಗಾಳಿ, ಅದೇ ವೇಗ ಅಂತ ನಂಬಿದ್ದೆ. 25 ಮಿಲಿಮೀಟರ್ ಟೈರಿಗೆ 110 ಪಿಎಸ್ಐ ಹೊಡೆಯುತ್ತಿದ್ದೆ. ನುಣುಪಾದ ನೆಲದ ಮೇಲೆ ಅದು ಓಡೀತು. ತರಿ ತರಿ ರಸ್ತೆಯಲ್ಲಿ ಪ್ರತಿ ಸಣ್ಣ ಉಬ್ಬಿಗೂ ಸೈಕಲ್ಲು, ಮೈ ಎರಡೂ ಮೇಲಕ್ಕೆ ಪುಟಿಯುತ್ತವೆ, ಮುಂದಕ್ಕೆ ಹೋಗಬೇಕಾದ ಶಕ್ತಿ ನಡುಕದಲ್ಲಿ ಕಳೆದುಹೋಗುತ್ತದೆ. ಈಗ 32ರ ಟೈರು, 60ರಿಂದ 65 ಪಿಎಸ್ಐ. ಉಬ್ಬನ್ನು ಟೈರೇ ನುಂಗಿಕೊಳ್ಳುತ್ತದೆ. ಗಾಳಿ ತೀರಾ ಕಡಿಮೆಯಾದರೆ ಮಾತ್ರ ಗುಂಡಿಯಲ್ಲಿ ಟ್ಯೂಬು ರಿಮ್ಮಿಗೂ ಟೈರಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತದೆ, ಅದನ್ನು ನೋಡಿಕೊಳ್ಳಬೇಕು. ಅಷ್ಟು ಅಗಲದ ಟೈರಿಗೆ ನಿಮ್ಮ ಫ್ರೇಮಿನಲ್ಲಿ ಜಾಗ ಇದೆಯಾ ಅಂತಲೂ ಮೊದಲೇ ಅಳೆದು ನೋಡಿ.

ಗೇರು. ನನ್ನ ಸೈಕಲ್ಲಿನಲ್ಲಿ ತೀರಾ ಹಗುರದ ಗೇರು ಮುಂದೆ 34 ಹಲ್ಲು, ಹಿಂದೆ 28. ಚಕ್ರ ಒಂದು ಸುತ್ತು ತಿರುಗಿದರೆ ಸುಮಾರು 2.1 ಮೀಟರ್, ಹಾಗಾಗಿ ಈ ಗೇರಿನಲ್ಲಿ ಒಂದು ತುಳಿತಕ್ಕೆ, ಅಂದರೆ ಪೆಡಲಿನ ಒಂದು ಪೂರ್ತಿ ಸುತ್ತಿಗೆ, 2.55 ಮೀಟರ್. ಕಡಿದಾದ ಏರಿನಲ್ಲಿ ಗಂಟೆಗೆ 8 ಕಿಲೋಮೀಟರಿಗೆ ಇಳಿದರೆ ನಿಮಿಷಕ್ಕೆ 52 ಸಲ ತುಳಿದ ಹಾಗೆ. ಒಂದೊಂದು ತುಳಿತವೂ ಮೆಟ್ಟಿಲ ಮೇಲೆ ಮೂಟೆ ಹೊತ್ತು ಹತ್ತಿದ ಹಾಗಿರುತ್ತಿತ್ತು. ಹಿಂದೆ 34 ಹಲ್ಲಿನವರೆಗೆ ಇರುವ ಕ್ಯಾಸೆಟ್ (ಹಿಂಚಕ್ರದ ಹಲ್ಲುಬಿಲ್ಲೆಗಳ ಗುಂಪು) ಹಾಕಿಸಿದೆ. ಅದಕ್ಕೆ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರ್ ಉದ್ದ ಕೇಜಿನದು, ಜೊತೆಗೆ ಹೊಸ ಚೈನು ಬೇಕಾಯಿತು. ಈಗ ಅದೇ ಏರು, ಅದೇ ವೇಗ, ನಿಮಿಷಕ್ಕೆ 63 ತುಳಿತ. ತೊಡೆಗೆ ಬೀಳುವ ಭಾರ ಕಡಿಮೆ. ಕೂತೇ ಹತ್ತಬಹುದು. ಹಗುರ ಗೇರು ಅಂದರೆ ಕೈಲಾಗದವರದ್ದು ಅಂತ ಕೆಲವರು ಹೇಳುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. 200 ಕಿಲೋಮೀಟರ್ ಆದ ಮೇಲೆ ಬರುವ ಏರಿಗೆ ಬೆಳಗಿನ ಕಾಲು ಇರುವುದಿಲ್ಲ.

ಇದಕ್ಕಿಂತ ಮುಂಚೆ ನಾನು ದುಡ್ಡು ಸುರಿದಿದ್ದು ಹಗುರದ ಚಕ್ರಗಳಿಗೆ. ನಾನು, ಸೈಕಲ್ಲು, ನೀರು ಎಲ್ಲ ಸೇರಿ 85 ಕಿಲೋ ತೂಗುವಾಗ ಅರ್ಧ ಕಿಲೋ ಇಳಿದರೆ ಏರಿನಲ್ಲಿ ನೂರಕ್ಕೆ ಒಂದು ಭಾಗವೂ ಸಿಗುವುದಿಲ್ಲ. ಸಮತಟ್ಟಿನಲ್ಲಿ ಗೊತ್ತೇ ಆಗುವುದಿಲ್ಲ. ಆ ದುಡ್ಡಲ್ಲಿ ಮೊದಲು ಮೈಗೆ ಹೊಂದುವ ಸೀಟು, ಒಳ್ಳೆಯ ಬಿಬ್ ಚಡ್ಡಿ (ಭುಜಕ್ಕೆ ಪಟ್ಟಿ ಇರುವ, ಮೆತ್ತೆ ಹಾಕಿದ ಸೈಕಲ್ ಚಡ್ಡಿ), ನಂಬಬಹುದಾದ ಲೈಟು ತರಬೇಕಿತ್ತು. ಬಿಬ್ ಚಡ್ಡಿಯ ಒಳಗೆ ಬೇರೆ ಒಳಉಡುಪು ಹಾಕಬೇಡಿ, ಅದರ ಹೊಲಿಗೆಯೇ ಚರ್ಮ ಉಜ್ಜಿ ಗಾಯ ಮಾಡುತ್ತದೆ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ಇನ್ನು ಹೊಟ್ಟೆ. ಅವತ್ತು ನಾನು ನಿಂತಿದ್ದಕ್ಕೆ ಕೈ ಅರ್ಧ ಕಾರಣ, ಹೊಟ್ಟೆ ಇನ್ನರ್ಧ. ಮೊದಲ 80 ಕಿಲೋಮೀಟರ್ ಒಂದು ಜೋರಿನ ಗುಂಪಿನ ಹಿಂದೆ ಅಂಟಿಕೊಂಡು ಏದುಸಿರು ಬಿಡುತ್ತಾ ಹೋದೆ. ನಾಲ್ಕು ಗಂಟೆಯಲ್ಲಿ ತಿಂದಿದ್ದು ಎರಡು ಬಾಳೆಹಣ್ಣು. ಹಸಿವೇ ಆಗಿರಲಿಲ್ಲ, ಅದಕ್ಕೆ ತಿನ್ನಲಿಲ್ಲ. ಮೈಯಲ್ಲಿ ಸಕ್ಕರೆಯ ರೂಪದಲ್ಲಿ ಕೂಡಿಟ್ಟ ಶಕ್ತಿ ಹೆಚ್ಚೆಂದರೆ 2000 ಕ್ಯಾಲರಿ ಆಸುಪಾಸು. ಕೊಬ್ಬು ಬೇಕಾದಷ್ಟಿದೆ, ಆದರೆ ಅದು ನಿಧಾನವಾಗಿ ಉರಿಯುತ್ತದೆ. ಜೋರಾಗಿ ತುಳಿದಷ್ಟೂ ಮೈ ಸಕ್ಕರೆಗೇ ಕೈ ಹಾಕುತ್ತದೆ. ಅದು ಖಾಲಿಯಾದಾಗ ಕಾಲು ಮಾತ್ರ ಅಲ್ಲ, ತಲೆಯೂ ಮಂಕಾಗುತ್ತದೆ. ಆಮೇಲೆ ತಿನ್ನೋಣ ಅಂದರೆ ಹೊಟ್ಟೆ ಒಪ್ಪುವುದಿಲ್ಲ.

ಈಗ ವಾಚಿನಲ್ಲಿ 20 ನಿಮಿಷಕ್ಕೊಮ್ಮೆ ಅಲಾರಾಂ ಇಡುತ್ತೇನೆ. ಹೊರಟ ಅರ್ಧ ಗಂಟೆಗೇ ತಿನ್ನಲು ಶುರು. ಗಂಟೆಗೆ 60 ಗ್ರಾಂ ಕಾರ್ಬೊಹೈಡ್ರೇಟ್ ನನ್ನ ಲೆಕ್ಕ. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ, ಉಳಿದದ್ದನ್ನು ಬಾಟಲಿಯ ಪುಡಿಯಲ್ಲಿ ತುಂಬಿಸಿಕೊಳ್ಳುತ್ತೇನೆ. ಗ್ಲೂಕೋಸ್ ಒಂದನ್ನೇ ಕುಡಿದರೆ ಗಂಟೆಗೆ 60 ಗ್ರಾಂ ದಾಟಿದ ಮೇಲೆ ಕರುಳು ಎಳೆದುಕೊಳ್ಳುವುದಿಲ್ಲ. ಫ್ರಕ್ಟೋಸ್ ಬೇರೆ ದಾರಿಯಲ್ಲಿ ಒಳಗೆ ಹೋಗುವುದರಿಂದ ಎರಡನ್ನೂ ಬೆರೆಸಿದರೆ 90 ಗ್ರಾಂವರೆಗೂ ತೆಗೆದುಕೊಳ್ಳುವವರಿದ್ದಾರೆ. ಹೊಟ್ಟೆಗೂ ಇದರ ಅಭ್ಯಾಸ ಬೇಕು. ವಾರದ ಉದ್ದ ಸವಾರಿಯಲ್ಲಿ ತಿಂದು ನೋಡದ ಯಾವುದನ್ನೂ ನಾನು ಬ್ರೆವೆಯಲ್ಲಿ ಬಾಯಿಗೆ ಹಾಕುವುದಿಲ್ಲ. ಬೆವರು ಜಾಸ್ತಿ ಇದ್ದ ದಿನ ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯುವುದೂ ಅಪಾಯ, ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ಒಂದು ಬಾಟಲಿಯಲ್ಲಿ ನೀರು, ಇನ್ನೊಂದರಲ್ಲಿ ಉಪ್ಪಿನಂಶ ಇರುವ ಪುಡಿ ಹಾಕಿದ್ದು.

ಅಭ್ಯಾಸದಲ್ಲಿ ಬದಲಿಸಿದ್ದು ಒಂದೇ, ಆದರೆ ಅದೇ ಎಲ್ಲಕ್ಕಿಂತ ಕಷ್ಟವಾಯಿತು. ನಿಧಾನ ಮಾಡಿದೆ. ವಾರಕ್ಕೆ ಏಳೆಂಟು ಗಂಟೆಗಿಂತ ಜಾಸ್ತಿ ನನಗೆ ಸಿಗುವುದಿಲ್ಲ. ಮುಂಚೆ ಪ್ರತಿ ಸವಾರಿಯೂ ಅರ್ಧ ಜೋರು, ಅರ್ಧ ಸುಸ್ತು. ನಿಧಾನವೂ ಅಲ್ಲ, ನಿಜವಾದ ಜೋರೂ ಅಲ್ಲ. ಸ್ಟೀಫನ್ ಸೈಲರ್ ಅನ್ನುವ ಸಂಶೋಧಕರು ದೊಡ್ಡ ಕ್ರೀಡಾಪಟುಗಳ ಅಭ್ಯಾಸವನ್ನು ಗಮನಿಸಿ, ಅವರ ನೂರರಲ್ಲಿ ಸುಮಾರು 80 ಸೆಷನ್ ಹಗುರವಾಗಿಯೇ ಇರುತ್ತವೆ ಅಂತ ತೋರಿಸಿದ್ದಾರೆ. ನಾನು ಹಾಗೇ ಮಾಡಿದೆ. ವಾರದಲ್ಲಿ ಒಂದೇ ದಿನ ಜೋರು, ಎಂಟೆಂಟು ನಿಮಿಷದ ನಾಲ್ಕು ಏರು. ಉಳಿದದ್ದೆಲ್ಲ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟು ಮೆಲ್ಲಗೆ. ವಾರದ ಕೊನೆಯ ಉದ್ದ ಸವಾರಿ ಮೂರು ಗಂಟೆಯಿಂದ ಶುರುವಾಗಿ ಮೆಲ್ಲಮೆಲ್ಲನೆ ಆರು ಗಂಟೆಗೆ ಬಂತು, ನಾಲ್ಕನೇ ವಾರ ಯಾವಾಗಲೂ ಅರ್ಧ.

ಹೃದಯದ ಬಡಿತ ನೋಡುತ್ತೇನೆ, ಆದರೆ 220ರಲ್ಲಿ ವಯಸ್ಸು ಕಳೆಯುವ ಲೆಕ್ಕವನ್ನು ನಂಬುವುದಿಲ್ಲ. ಅದು ಗುಂಪಿನ ಸರಾಸರಿ. ನನಗೆ 41 ವರ್ಷ, ಲೆಕ್ಕಕ್ಕೆ 179, ಏರಿನಲ್ಲಿ ನಾನೇ 188 ನೋಡಿದ್ದೇನೆ. ಬಿಸಿಲಿದ್ದರೆ, ನೀರು ಕಡಿಮೆ ಕುಡಿದಿದ್ದರೆ ಅದೇ ತುಳಿತಕ್ಕೆ ಬಡಿತ ಮೇಲೇರುತ್ತದೆ. ಮಾತಾಡಲು ಆಗುತ್ತದೋ ಇಲ್ಲವೋ ಅನ್ನುವುದು ಇದಕ್ಕಿಂತ ಒಳ್ಳೆಯ ಅಳತೆ. ಮೊದಲ ಎರಡು ತಿಂಗಳು ಬೇಜಾರಾಗಿತ್ತು, ಎಲ್ಲರೂ ದಾಟಿಕೊಂಡು ಹೋಗುತ್ತಿದ್ದರು. ಮೂರನೇ ತಿಂಗಳಿಂದ ಅದೇ ಬಡಿತಕ್ಕೆ ವೇಗ ಜಾಸ್ತಿ ಬರತೊಡಗಿತು. ಅದಕ್ಕಿಂತ ಖುಷಿ ಅಂದರೆ ಐದನೇ ಗಂಟೆಯೂ ಎರಡನೇ ಗಂಟೆಯ ಹಾಗೇ ಇತ್ತು.

ಎರಡನೇ ಸಲ 300ಕ್ಕೆ ಹೋಗುವ ಹಿಂದಿನ ರಾತ್ರಿ ಒಂದು ಲೆಕ್ಕ ಮಾಡಿದೆ. ಗಂಟೆಗೆ 25ರಂತೆ 300 ಕಿಲೋಮೀಟರಿಗೆ 12 ಗಂಟೆ. 30ರಂತೆ ಹೋದರೆ 10 ಗಂಟೆ. ಎರಡು ಗಂಟೆ ಉಳಿಯುತ್ತದೆ, ಅಲ್ವಾ? ಆದರೆ ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನದಂತೆ ಏರುತ್ತದೆ. 25ರಿಂದ 30ಕ್ಕೆ ಏರಿದರೆ ಸುಮಾರು 1.7 ಪಟ್ಟು. ಅದೇ ಎರಡು ಗಂಟೆ ಎಲ್ಲಿ ಸುಮ್ನೆ ಸಿಗುತ್ತದೆ ಗೊತ್ತಾ? ನಿಲ್ಲುವುದರಲ್ಲಿ. ಆರು ಕಡೆ ಅರ್ಧರ್ಧ ಗಂಟೆ ಕೂತರೆ ಮೂರು ಗಂಟೆ. ಹತ್ತು ಹತ್ತು ನಿಮಿಷಕ್ಕೆ ಎದ್ದರೆ ಒಂದೇ ಗಂಟೆ. ಒಂದು ಚೀಟಿಯಲ್ಲಿ ಬರೆದುಕೊಂಡೆ: ಗುರುತು, ನೀರು, ತಿಂಡಿ, ಮೂತ್ರ, ಹೊರಡು. ಹ್ಯಾಂಡಲಿನ ಚೀಲದ ಮೇಲೆ ಅಂಟಿಸಿದೆ.

ಅವತ್ತು ಬೆಳಿಗ್ಗೆ ಜೋರಿನ ಗುಂಪು ಮುಂದೆ ಹೋಯಿತು. ಹಿಂದೆ ಅಂಟಿಕೊಂಡರೆ ಗಾಳಿಯ ಹೊಡೆತ ತಪ್ಪುತ್ತದೆ ಅನ್ನುವ ಆಸೆ ಬಂತು. ಬಿಟ್ಟುಕೊಟ್ಟೆ. 120ನೇ ಕಿಲೋಮೀಟರಿನ ಹೊತ್ತಿಗೆ ಅವರಲ್ಲಿ ಮೂವರು ನನ್ನ ವೇಗಕ್ಕೆ ಬಂದರು, ಅಲ್ಲಿಂದ ಜೊತೆಯಾಗಿಯೇ ಹೋದೆವು. 230ರ ಹತ್ತಿರ ಕತ್ತಲಾಗಿತ್ತು. ಲೈಟು ಹಾಕಿ, ರಿಫ್ಲೆಕ್ಟರ್ ಜಾಕೆಟ್ ಹಾಕಿ, ನಾನು ಕೂತಿದ್ದ ಕಟ್ಟೆಯನ್ನು ದಾಟಿದೆ. ಬೆರಳು ಐದೂ ಮಡಚಿ ಬಿಚ್ಚಿ ನೋಡಿದೆ. ಸರಿಯಾಗಿದ್ದವು. ಹದಿನಾರೂವರೆ ಗಂಟೆಗೆ ಮುಗಿಸಿದೆ.

ಕೊನೆಯ 40 ಕಿಲೋಮೀಟರಿನಲ್ಲಿ ಎಡಗಾಲಿನ ಅಂಗಾಲು, ಬೆರಳುಗಳ ಬುಡದಲ್ಲಿ ಬೆಂಕಿ ಇಟ್ಟ ಹಾಗೆ ಉರಿಯಿತು. ಹೊತ್ತು ಕಳೆದಂತೆ ಕಾಲು ಊದಿಕೊಳ್ಳುತ್ತದೆ, ಬೂಟು ಬಿಗಿಯಾಗುತ್ತದೆ, ತುಳಿತದ ಒತ್ತಡವೆಲ್ಲ ಒಂದೇ ಜಾಗಕ್ಕೆ ಬೀಳುತ್ತದೆ. ಕ್ಲೀಟನ್ನು 5 ಮಿಲಿಮೀಟರ್ ಹಿಮ್ಮಡಿ ಕಡೆ ಸರಿಸಿ, ಹಳೆಯ ಜಾಗಕ್ಕೆ ಮಾರ್ಕರಿನಲ್ಲಿ ಗೆರೆ ಎಳೆದಿಟ್ಟಿದ್ದೇನೆ. ಎರಡು ಸವಾರಿ ಆಗಿವೆ, ಇನ್ನೆರಡು ಬಾಕಿ.