ಬೆಳಿಗ್ಗೆ ಕಾಡು, ಮಧ್ಯಾಹ್ನ ಪೇಟೆ, ಸಂಜೆಗೆ ಕಡಲು

ತೀರ್ಥಹಳ್ಳಿಯಿಂದ ಹೊರಟರೆ ಆಗುಂಬೆಯ ಕಾಡು, ಮಂಗಳೂರು ಪೇಟೆ, ಕಾಪುವಿನ ಕಡಲು ಮೂರನ್ನೂ ನೋಡಿಕೊಂಡು ರಾತ್ರಿಗೆ ಮನೆ ಸೇರಬಹುದು. ನಾವು ಐದು ಜನ ಗೆಳತಿಯರು ಡಿಸೆಂಬರ್‌ನಲ್ಲಿ ಹೀಗೆ ಹೋಗಿಬರುತ್ತೇವೆ. ಒಟ್ಟು ಸುತ್ತು ಸುಮಾರು 300 ಕಿಲೋಮೀಟರ್. ದೂರಕ್ಕಿಂತ ಮುಖ್ಯವಾದದ್ದು ಯಾವ ಹೊತ್ತಿಗೆ ಎಲ್ಲಿರಬೇಕು ಅನ್ನೋದು.

ಮೊದಲ ಸಲ ಎಂಟು ಗಂಟೆಗೆ ಹೊರಟು, ಘಾಟಿ ಇಳಿದು ನೇರ ಮಲ್ಪೆಗೆ ಹೋದೆವು. ತಲುಪಿದಾಗ ನೆತ್ತಿ ಮೇಲೆ ಬಿಸಿಲು, ಮರಳು ಕಾದ ಕಾವಲಿ. ಚಪ್ಪಲಿ ಬಿಟ್ಟು ನೀರಿಗೆ ಓಡಿದವಳು ಅರ್ಧ ದಾರಿಯಲ್ಲೇ ದುಪಟ್ಟಾ ಹಾಸಿ ಅದರ ಮೇಲೆ ನಿಂತುಬಿಟ್ಟಳು. ಸಂಜೆ ಮಂಗಳೂರಿಗೆ ಹೋದರೆ ಕಾರು ಮುಂದಕ್ಕೇ ಹೋಗದಷ್ಟು ಟ್ರಾಫಿಕ್ಕು. ಅದಕ್ಕೇ ಈಗ ಪೇಟೆ ಮೊದಲು, ಕಡಲು ಆಮೇಲೆ.

ಬೆಳಿಗ್ಗೆ ಐದೂಮುಕ್ಕಾಲಿಗೆ ಹೊರಡಿ. ಆಗುಂಬೆ ಮುಟ್ಟುವಾಗ ಬೆಳಕು ಹರಿಯುತ್ತಿರುತ್ತದೆ. ಹೆಚ್ಚಿನವರು ಇಲ್ಲಿಗೆ ಬರೋದು ಸೂರ್ಯಾಸ್ತ ನೋಡೋಕೆ. ಆದರೆ ನನಗೆ ಬೆಳಗೇ ಇಷ್ಟ. ಅಷ್ಟು ಹೊತ್ತಿಗೆ ವ್ಯೂ ಪಾಯಿಂಟಿನಲ್ಲಿ ಜನ ಇರುವುದಿಲ್ಲ. ಕೆಳಗಿನ ಕಣಿವೆ ಪೂರ್ತಿ ಮಂಜು ತುಂಬಿ, ಬೆಟ್ಟದ ತುದಿಗಳು ಮಾತ್ರ ಕಾಣುತ್ತವೆ. ಮನೆಯಿಂದಲೇ ಫ್ಲಾಸ್ಕಿನಲ್ಲಿ ಬಿಸಿ ಕಷಾಯ ತನ್ನಿ. ಅಲ್ಲಿ ನಿಂತು ಕುಡಿಯುವ ಆ ಒಂದು ಲೋಟಕ್ಕಾಗಿಯೇ ನಾನು ನಾಲ್ಕೂವರೆಗೆ ಏಳುತ್ತೇನೆ.

ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ರಸ್ತೆ ಕಿರಿದು. ಪ್ರತಿ ತಿರುವಿಗೂ ಹಾರ್ನ್ ಹಾಕಿ. ಹತ್ತಿ ಬರುವ ಗಾಡಿಗೆ ಮೊದಲು ದಾರಿ ಬಿಡಿ. ಬ್ರೇಕ್ ಒತ್ತಿಕೊಂಡೇ ಇಳಿಯಬೇಡಿ, ಎರಡನೇ ಗೇರಿನಲ್ಲಿ ನಿಧಾನಕ್ಕೆ ಇಳಿಯಿರಿ. ಕಳೆದ ಸಲ ಒಂದು ತಿರುವಿನಲ್ಲಿ ಮಿನಿ ಬಸ್ ಎದುರಾಯಿತು. ಅದರ ಕನ್ನಡಿಗೂ ನಮ್ಮ ಕನ್ನಡಿಗೂ ನಡುವೆ ಒಂದು ಗೇಣು ಜಾಗ. ಇನ್ನೊಂದು ಪಕ್ಕದಲ್ಲಿ ನೀರು ಜಿನುಗುವ ಬಂಡೆ, ಅದರ ಪಾಚಿ ಕಿಟಕಿಯಿಂದ ಕೈಗೆ ಸಿಗುವಂತಿತ್ತು. ಬಸ್ ಹೋಗುವವರೆಗೂ ಯಾರೂ ಮಾತಾಡಲಿಲ್ಲ.

ನಮ್ಮಲ್ಲೊಬ್ಬಳಿಗೆ ತಿರುವಿನ ರಸ್ತೆ ಆಗಿಬರುವುದಿಲ್ಲ. ಅವಳಿಗೆ ಮುಂದಿನ ಸೀಟು ಕೊಡುತ್ತೇವೆ, ಕೈಗೊಂದು ನಿಂಬೆಹಣ್ಣು. ತಿಂಡಿ ಏನಿದ್ದರೂ ಘಾಟಿ ಇಳಿದ ಮೇಲೆಯೇ.

ದಾರಿಬದಿಯ ಮಂಗಗಳಿಗೆ ಏನೂ ಹಾಕಬೇಡಿ. ಇದನ್ನು ಕೈಮುಗಿದು ಕೇಳುತ್ತೇನೆ. ಚಿಪ್ಸ್ ಎಸೆಯುತ್ತಾರೆಂದು ಅವು ರಸ್ತೆಯಲ್ಲೇ ಕಾಯುತ್ತಾ ಕೂರುತ್ತವೆ, ಗಾಡಿಗೆ ಸಿಕ್ಕಿ ಸಾಯುತ್ತವೆ. ಕೆಳಗಿನ ಸೋಮೇಶ್ವರ ಅಭಯಾರಣ್ಯದಲ್ಲಿ ಸಿಂಗಳೀಕಗಳೂ ಇವೆ. ಅವು ಮರದ ಮೇಲೆಯೇ ಇರಲಿ, ಅಲ್ವಾ?

ಹೆಬ್ರಿಯಲ್ಲಿ ಬನ್ಸ್, ಚಹಾ. ಅಲ್ಲಿಂದ ಕಾರ್ಕಳ, ಮೂಡುಬಿದಿರೆ ದಾಟಿ ಮಂಗಳೂರು. ಕಾರ್ಕಳದ ಗೊಮ್ಮಟನನ್ನೂ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೂ ಇದೇ ದಿನ ತುರುಕಬೇಡಿ. ಅವಕ್ಕೆ ಬೇರೆಯೇ ದಿನ ಬೇಕು.

ಮಂಗಳೂರಿನಲ್ಲಿ ಹನ್ನೊಂದರಿಂದ ಮೂರರವರೆಗೆ ನೆರಳಿನಲ್ಲಿ ನೋಡುವಂಥದ್ದನ್ನೇ ಆರಿಸಿಕೊಳ್ಳಿ. ನಾವು ತಪ್ಪದೇ ಹೋಗುವುದು ಸಂತ ಅಲೋಶಿಯಸ್ ಚಾಪೆಲ್‌ಗೆ. ಗೋಡೆ, ಚಾವಣಿ ಎಲ್ಲಾ ಚಿತ್ರಗಳೇ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೆನಿ 1900ರ ಆಸುಪಾಸಿನಲ್ಲಿ ಬಿಡಿಸಿದ್ದು. ಕುತ್ತಿಗೆ ನೋಯುವಷ್ಟು ಹೊತ್ತು ಮೇಲೆ ನೋಡಿ. ಚಾಪೆಲ್ ತೆರೆದಿರುವ ಸಮಯವನ್ನು ಮೊದಲೇ ವಿಚಾರಿಸಿಕೊಳ್ಳಿ.

ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ, ಕಾಣೆ ರವಾ ಫ್ರೈ. ಮೀನು ತಿನ್ನದವರು ಜೊತೆಗಿದ್ದರೆ ಎರಡೂ ಸಿಗುವ ಹೋಟೆಲನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಒಬ್ಬರನ್ನು ಬರೀ ಮೊಸರನ್ನದ ಮುಂದೆ ಕೂರಿಸೋದು ಸರಿಯಲ್ಲ. ಆಮೇಲೆ ಗಡ್‌ಬಡ್ ಐಸ್‌ಕ್ರೀಮ್. ಇಬ್ಬರಿಗೆ ಒಂದು ಸಾಕು.

ಮೂರಕ್ಕೆ ಮಂಗಳೂರು ಬಿಟ್ಟು ಹೆದ್ದಾರಿ 66 ಹಿಡಿಯಿರಿ. ನಾಲ್ಕೂವರೆಗೆ ಕಾಪುವಿನಲ್ಲಿರಬೇಕು, ಯಾಕೆಂದರೆ ದೀಪಸ್ತಂಭದ ಒಳಗೆ ಬಿಡುವುದು ಸಂಜೆ ಸ್ವಲ್ಪ ಹೊತ್ತು ಮಾತ್ರ. 1901ರ ಕಟ್ಟಡ ಅದು. ಮೆಟ್ಟಿಲು ಇಕ್ಕಟ್ಟು, ಬ್ಯಾಗು ಕಾರಿನಲ್ಲೇ ಬಿಡಿ. ಮೇಲಿನಿಂದ ಒಂದು ಕಡೆ ಕಡಲು, ಇನ್ನೊಂದು ಕಡೆ ಕಣ್ಣು ಹೋದಷ್ಟು ದೂರ ತೆಂಗು. ಇಳಿದ ಮೇಲೆ ಮರಳಿನಲ್ಲಿ ಕೂತು ಸೂರ್ಯ ಮುಳುಗೋದನ್ನು ನೋಡಿ. ನೀರು ತಾಗುವ ಕರಿ ಬಂಡೆಗಳನ್ನು ಮಾತ್ರ ಹತ್ತಬೇಡಿ. ವಿಪರೀತ ಜಾರುತ್ತವೆ, ಅಲೆ ಹೇಳಿ ಬರುವುದಿಲ್ಲ.

ಉಡುಪಿಯಲ್ಲಿ ಮಸಾಲೆ ದೋಸೆ ತಿಂದು ಎಂಟರೊಳಗೆ ಹೊರಟರೆ ಹತ್ತೂವರೆ ಸುಮಾರಿಗೆ ಮನೆ. ಹೆಬ್ರಿಯಲ್ಲಿ ಐದು ನಿಮಿಷ ನಿಲ್ಲಿಸಿ, ಗಾಡಿ ಓಡಿಸುವವರು ಮುಖ ತೊಳೆದುಕೊಳ್ಳಲಿ. ಹಿಂದಿನ ಸೀಟಿನವರು ನಿದ್ದೆ ಮಾಡಬಹುದು, ಮುಂದಿನವರು ಮಾಡುವ ಹಾಗಿಲ್ಲ. ನಮ್ಮಲ್ಲಿ ಆ ಕೆಲಸ ನಿಂಬೆಹಣ್ಣಿನವಳದ್ದು. ಹದಿನಾಲ್ಕು ತಿರುವನ್ನೂ ಒಂದೊಂದಾಗಿ ಗಟ್ಟಿಯಾಗಿ ಎಣಿಸುತ್ತಾಳೆ.