ಒತ್ತಕ್ಷರಕ್ಕೆ ಜಾಗ ಬಿಟ್ಟು ಮಾಡಿದ ಮುಖಪುಟ

ನನ್ನ ಗೆಳತಿಯೊಬ್ಬಳು ಹಾಡುತ್ತಾಳೆ. ಅವಳ ಫೋಟೋ ಇಟ್ಟುಕೊಂಡು ಒಂದು ಪಾಪ್ ಸಂಗೀತ ಪತ್ರಿಕೆಯ ಮುಖಪುಟ ಮಾಡೋಣ ಅಂತ ಕೂತೆ. ಪತ್ರಿಕೆ ನಿಜವಾದದ್ದಲ್ಲ. ಅಭ್ಯಾಸಕ್ಕೆಂದು ನಾನೇ 'ಸದ್ದು' ಅಂತ ಹೆಸರಿಟ್ಟೆ. ಆದರೆ ನಾಳೆಯೇ ಅಚ್ಚಿಗೆ ಹೋಗುತ್ತದೆ ಅನ್ನುವ ಹಾಗೆ ಮಾಡಬೇಕು ಅನ್ನುವ ಹಟ ಇತ್ತು. ಬಳಸಿದ್ದು ಫೋಟೋಶಾಪ್.

ಮೊದಲು ಅಳತೆ. ಎ4 ಪುಟ 210 × 297 ಮಿಲಿಮೀಟರ್. ನಾಲ್ಕೂ ಬದಿಗೆ 3 ಮಿಲಿಮೀಟರ್ ಬ್ಲೀಡ್ (ಅಚ್ಚಾದ ಮೇಲೆ ಕತ್ತರಿಸಿ ತೆಗೆಯುವ ಅಂಚು) ಸೇರಿಸಿದರೆ 216 × 303. 300 ಪಿಪಿಐಗೆ, ಅಂದರೆ ಇಂಚಿಗೆ 300 ಪಿಕ್ಸೆಲ್‌ಗೆ, ಅದು ಸುಮಾರು 2551 × 3579 ಪಿಕ್ಸೆಲ್ ಆಗುತ್ತದೆ. ನನ್ನ ಫೋಟೋ 24 ಮೆಗಾಪಿಕ್ಸೆಲ್ ಇದ್ದದ್ದರಿಂದ ಎಳೆದು ದೊಡ್ಡದು ಮಾಡುವ ಕಷ್ಟ ಬರಲಿಲ್ಲ.

ಹೆಸರು ಟೈಪ್ ಮಾಡಿದೆ. 'ಸದ್‌ದು' ಅಂತ ಬಂತು! ಒತ್ತು ಕೂಡಿಕೊಳ್ಳಲೇ ಇಲ್ಲ. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿ, ಹೊಸದಾಗಿ ಟೈಪ್ ಮಾಡಿದ ಮೇಲೆ ಸರಿಯಾಯಿತು. ಹಳೆಯ ಆವೃತ್ತಿಯಲ್ಲಿ ಕನ್ನಡದ ಕೆಲಸ ಮಾಡುವವರು ಶುರುವಿನಲ್ಲೇ ಇದನ್ನು ನೋಡಿಕೊಳ್ಳಿ. ಫಾಂಟ್ 'ಬಾಲೂ ತಮ್ಮ'. ದಪ್ಪಗೆ, ದುಂಡಗೆ ಇದೆ, ಪಾಪ್ ಸಂಗೀತಕ್ಕೆ ಒಪ್ಪುತ್ತದೆ.

ನಿಜವಾದ ಕೆಲಸ ಇಲ್ಲಿಂದ ಶುರುವಾಯಿತು. ನಾನು ನೋಡಿ ಕಲಿತ ಮುಖಪುಟಗಳೆಲ್ಲ ಇಂಗ್ಲಿಷಿನವು. ಅಲ್ಲಿ ಪತ್ರಿಕೆಯ ಹೆಸರಿನ ದೊಡ್ಡಕ್ಷರಗಳ ತಳ ಸಮವಾಗಿರುತ್ತದೆ. ಕಲಾವಿದರ ತಲೆ ಅದರ ಮುಂದೆ ಎಲ್ಲಿ ಬಂದರೂ ನಡೆಯುತ್ತದೆ. ನಮ್ಮ ಅಕ್ಷರ ಹಾಗಲ್ಲ ಅಲ್ವಾ? ಮೇಲೆ ತಲೆಕಟ್ಟು, ಕೆಳಗೆ ಒತ್ತು. ತಲೆಯನ್ನು ನಡುವೆ ಇಟ್ಟರೆ 'ದ್ದು'ವಿನ ಒತ್ತು ಕೂದಲೊಳಗೆ ಮಾಯವಾಗುತ್ತಿತ್ತು. ಒತ್ತನ್ನು ಮುಂದಕ್ಕೆ ತಂದರೆ ಹಣೆಯ ಮೇಲೆ ಬಂದು ಕೂರುತ್ತಿತ್ತು. ಅಕ್ಷರ ಚಿಕ್ಕದು ಮಾಡಿ ನೋಡಿದೆ, ಹೆಸರಿನ ಗತ್ತೇ ಹೋಯಿತು.

ಕೊನೆಗೆ ಗೆಳತಿಯನ್ನೇ ಎಡಕ್ಕೆ ಸರಿಸಿದೆ. ಈಗ ತಲೆ 'ಸ' ಅಕ್ಷರದ ಕೆಳಗೆ ಬಂತು, ಅಲ್ಲಿ ಒತ್ತಿನ ಕಾಟವಿಲ್ಲ. ಹೆಸರನ್ನು ಕನ್ವರ್ಟ್ ಟು ಶೇಪ್ ಮಾಡಿ (ಅಕ್ಷರವನ್ನು ಆಕಾರವಾಗಿ ಬದಲಿಸಿ), ಒತ್ತನ್ನು ಮಾತ್ರ ಸ್ವಲ್ಪ ಕೆಳಗೆ ಎಳೆದೆ. ಅದು ಅವಳ ಕಿವಿಯ ಪಕ್ಕ ಓಲೆಯ ಹಾಗೆ ತೂಗಿತು. ಆ ಕ್ಷಣ ಸಿಕ್ಕ ಖುಷಿ ಇಷ್ಟಿಷ್ಟಲ್ಲ. ಆದರೆ ನನ್ನ ತಮ್ಮನಿಗೆ ತೋರಿಸಿದರೆ ಅವನು 'ನದ್ದು' ಅಂತ ಓದಿದ. 'ಸ'ದ ಕೆಳಭಾಗ ಜಾಸ್ತಿ ಮುಚ್ಚಿಹೋಗಿತ್ತು. ತಲೆಯನ್ನು ಇನ್ನಷ್ಟು ಕೆಳಗಿಳಿಸಿ, ಹಾರುವ ಕೂದಲು ಮಾತ್ರ ಅಕ್ಷರದ ಮೇಲೆ ಬರುವ ಹಾಗೆ ಮಾಡಿದೆ.

ಆ ಕೂದಲು ಎರಡು ಸಂಜೆ ತಿಂದಿತು. ಚಿತ್ರವನ್ನು ಹಿನ್ನೆಲೆಯಿಂದ ಬಿಡಿಸುವ ಸೆಲೆಕ್ಟ್ ಆ್ಯಂಡ್ ಮಾಸ್ಕ್‌ನಿಂದ ಕತ್ತರಿಸಿದಾಗ ಹಿಂದಿದ್ದ ಬೂದು ಗೋಡೆಯ ಅಂಚು ಎಳೆಗಳ ಸುತ್ತ ಉಳಿದೇ ಇತ್ತು. ಬ್ರಷ್ ಹಿಡಿದು ಒರೆಸಿದರೆ ಎಳೆಗಳೇ ಹೋಗುತ್ತಿದ್ದವು. ಆಮೇಲೆ ದಾರಿ ಬದಲಿಸಿದೆ. ಫೋಟೋದ ಎರಡು ಪ್ರತಿ ಮಾಡಿಕೊಂಡೆ. ಮೇಲಿನದರಲ್ಲಿ ಮುಖ ಮತ್ತು ಮೈ ಮಾತ್ರ, ಮಾಸ್ಕ್ (ಬೇಡದ ಭಾಗ ಮರೆಮಾಡುವ ಪದರ) ಕೂದಲ ಅಂಚಿಗಿಂತ ಒಳಗೇ ನಿಲ್ಲುತ್ತದೆ. ಕೆಳಗಿನ ಪ್ರತಿಗೆ ಲೆವೆಲ್ಸ್ (ಬೆಳಕು-ನೆರಳು ಹೊಂದಿಸುವ ಸಾಧನ) ಹಾಕಿ ಗೋಡೆಯನ್ನು ಪೂರ್ತಿ ಬಿಳಿ ಮಾಡಿ, ಬ್ಲೆಂಡ್ ಮೋಡ್ (ಕೆಳಗಿನ ಪದರದೊಂದಿಗೆ ಬೆರೆಯುವ ಬಗೆ) ಮಲ್ಟಿಪ್ಲೈಗೆ ಬದಲಿಸಿದೆ. ಮಲ್ಟಿಪ್ಲೈನಲ್ಲಿ ಬಿಳಿ ಕಾಣುವುದಿಲ್ಲ, ಕಪ್ಪು ಎಳೆಗಳಷ್ಟೇ ಉಳಿಯುತ್ತವೆ. ಒಂದೊಂದು ಎಳೆಯೂ 'ಸ'ದ ಮೇಲೆ ಹಾದುಹೋಗುವುದು ಕಾಣಿಸಿತು. ಗೋಡೆ ತಿಳಿ ಬಣ್ಣದ್ದು, ಕೂದಲು ಕಪ್ಪು ಇದ್ದದ್ದರಿಂದ ಇದು ಸಾಧ್ಯವಾಯಿತು. ಕಪ್ಪು ಪರದೆಯ ಮುಂದೆ ತೆಗೆದ ಫೋಟೋಗೆ ಈ ಉಪಾಯ ನಡೆಯದು.

ಬಣ್ಣದ ವಿಷಯದಲ್ಲಿ ಮೊದಲ ಪ್ರಿಂಟ್ ನನಗೆ ಅಳು ತರಿಸುವುದೊಂದು ಬಾಕಿ. ಪರದೆಯ ಮೇಲೆ ಕಣ್ಣು ಕೋರೈಸುತ್ತಿದ್ದ ಗುಲಾಬಿ ಹಿನ್ನೆಲೆ ಕಾಗದದ ಮೇಲೆ ಮಾಸಿದ ಬಟ್ಟೆಯಂತೆ ಬಂತು. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಅಚ್ಚು ನಾಲ್ಕು ಶಾಯಿಗಳಿಂದ ಮಾಡುತ್ತದೆ. ಆ ಹೊಳಪು ನಾಲ್ಕು ಶಾಯಿಗೆ ದಕ್ಕುವುದಿಲ್ಲ. ಅಚ್ಚಿನಲ್ಲಿ ಬಣ್ಣ ಹೇಗೆ ಬರುತ್ತದೆ ಅಂತ ಪರದೆಯಲ್ಲೇ ತೋರಿಸುವ ಪ್ರೂಫ್ ಕಲರ್ಸ್ ಆನ್ ಮಾಡಿದ್ದರೆ ಇದು ಮೊದಲೇ ಗೊತ್ತಾಗುತ್ತಿತ್ತು. ಹಿನ್ನೆಲೆಯನ್ನು ಹಳದಿಗೆ ಬದಲಿಸಿದೆ. ಹಳದಿ ಸ್ವತಃ ಒಂದು ಶಾಯಿ, ಹೆಚ್ಚು ಮಂಕಾಗುವುದಿಲ್ಲ. ಹಳದಿಯ ಮೇಲೆ ಬಿಳಿ ಹೆಸರು ಕಾಣದು, ಹಾಗಾಗಿ ಅಕ್ಷರ ಕೆಂಪಾಯಿತು. ಕೂದಲು ಮಲ್ಟಿಪ್ಲೈನಲ್ಲಿ ಇತ್ತಲ್ಲ, ಹಿನ್ನೆಲೆ ಬದಲಾದರೂ ಮತ್ತೆ ಕತ್ತರಿಸುವ ಕೆಲಸ ಬರಲಿಲ್ಲ!

ಉಳಿದ ಸಾಲುಗಳಿಗೆ ಅನೇಕ್ ಕನ್ನಡ ಫಾಂಟ್. ಅದರಲ್ಲಿ ಕಿರಿದು, ಅಗಲ ಎಲ್ಲ ಬಗೆಗಳಿವೆ. ಸಾಲಿನ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಬಾರ್‌ಕೋಡ್ ಪಟ್ಟಿಗಳಿಗೂ ಹೆಸರಿನ ಕೆಂಪನ್ನೇ ಕೊಡುವ ಆಸೆ ಇತ್ತು. ಆದರೆ ಸ್ಕ್ಯಾನರ್‌ಗಳು ಸಾಮಾನ್ಯವಾಗಿ ಕೆಂಪು ಬೆಳಕು ಬಳಸುತ್ತವೆ, ಅದಕ್ಕೆ ಕೆಂಪು ಪಟ್ಟಿ ಬಿಳಿಯಂತೆ ಕಾಣುತ್ತದೆ. ಸುಮ್ನೆ ಬಿಳಿಯ ಮೇಲೆ ಕಪ್ಪು ಇಟ್ಟೆ.

ಎರಡನೆಯ ಪ್ರಿಂಟನ್ನು ಗೋಡೆಗೆ ಅಂಟಿಸಿ ಎರಡು ಮೀಟರ್ ಹಿಂದೆ ನಿಂತು ನೋಡಿದೆ. ಮೊದಲು ಅವಳ ಕಣ್ಣು, ಆಮೇಲೆ ಒತ್ತು, ಆಮೇಲೆ ಹೆಸರು ಕಂಡವು. ಐದು ಉಪಶೀರ್ಷಿಕೆಗಳಲ್ಲಿ ಎರಡನ್ನು ಅಲ್ಲಿಂದ ಓದಲಾಗಲಿಲ್ಲ. ಆ ಎರಡನ್ನೂ ತೆಗೆದುಹಾಕಿ ಫೈಲ್ ಉಳಿಸಿದೆ.