ತಿರುಮಲಕ್ಕೂ ಕಾಳಹಸ್ತಿಗೂ ನಡುವೆ ಪುಲಿಕಾಟ್: ನನ್ನ ಅನುಭವ

ಕೋಲಾರದವರಿಗೆ ಮುಳಬಾಗಿಲು, ಪಲಮನೇರು, ಚಿತ್ತೂರಿನ ಮೇಲೆ ತಿರುಪತಿಗೆ ಹೋಗುವ ದಾರಿಯನ್ನು ಹೇಳಿಕೊಡಬೇಕಾಗಿಲ್ಲ. ಅದೇ ಪ್ರವಾಸದಲ್ಲಿ ಆಂಧ್ರದ ನೇಲಪಟ್ಟು ಪಕ್ಷಿಧಾಮವನ್ನೂ, ಚಳಿಗಾಲದಲ್ಲಿ ರಾಜಹಂಸಗಳು (ಫ್ಲೆಮಿಂಗೊ) ಸೇರುವ ಕರಾವಳಿಯ ಪುಲಿಕಾಟ್ ಸರೋವರವನ್ನೂ ನೋಡಿಕೊಂಡು ಮರುದಿನ ರಾತ್ರಿಯೇ ಮನೆ ಸೇರಬಹುದೆಂದಾಗ ಮಾತ್ರ ಮನೆಯವರೂ ನಂಬಲಿಲ್ಲ, ಗೆಳೆಯರೂ ನಂಬಲಿಲ್ಲ. ಕಳೆದ ಜನವರಿಯಲ್ಲಿ ಮಾಡಿ ತೋರಿಸಿದೆ.

ದೊಡ್ಡ ತೊಡಕು ಕಾಳಹಸ್ತಿಯದು. ಅಲ್ಲಿ ಪೂಜೆ ಮುಗಿಸಿದವರು ಎಲ್ಲೂ ನಿಲ್ಲದೆ ನೇರವಾಗಿ ಮನೆಗೆ ಬರಬೇಕೆಂಬ ನಿಯಮವನ್ನು ನಮ್ಮ ಹಿರಿಯರು ಸಡಿಲಿಸುವುದಿಲ್ಲ. ತಿರುಪತಿಯಿಂದ ಸರೋವರದ ದಾರಿಯಲ್ಲಿರುವ ನಾಯುಡುಪೇಟೆಗೆ ಹೋಗುವ ರಸ್ತೆಯಾದರೋ ಕಾಳಹಸ್ತಿಯ ಮೇಲೆಯೇ ಹೋಗುತ್ತದೆ. ಗೋಪುರ ಕಂಡೊಡನೆ ಎಲ್ಲರೂ ಇಳಿಯುತ್ತಿದ್ದರು, ಸರೋವರದ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಒಮ್ಮೆ ಬಾಡಿಗೆ ವ್ಯಾನಿನಲ್ಲಿ ಹೇಗೋ ತಲುಪಿದಾಗ ನಡುಮಧ್ಯಾಹ್ನವಾಗಿತ್ತು. ಬಿಸಿಲ ಝಳದಲ್ಲಿ ರಾಜಹಂಸಗಳು ದೂರದ ಬಿಳಿ ಗೆರೆಯಾಗಿ ನಡುಗುತ್ತಿದ್ದವು, ಹೆಚ್ಚುವರಿ ಕಿಲೋಮೀಟರು ಮತ್ತು ಚಾಲಕರ ಭತ್ಯೆಯೆಂದು ಸುಮಾರು ನಾಲ್ಕು ಸಾವಿರ ಕೈಬಿಟ್ಟಿತು. ಮಕ್ಕಳ ರಜೆಗೆಂದು ಮೇ ತಿಂಗಳಲ್ಲಿ ಹೋದಾಗ ಸರೋವರದ ಉತ್ತರ ಭಾಗ ಒಣಗಿ ಬಿರುಕುಬಿಟ್ಟಿತ್ತು. ಈಶಾನ್ಯ ಮಾರುತದ ಮಳೆ ತುಂಬಿಸಿದ ನೀರು ತೆಳುವಾಗಿ ನಿಂತಿರುವ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಈ ಹಕ್ಕಿಗಳಿಗೆ ಸರಿ.

ಈ ಸಲ ತಿರುಮಲದ ದರ್ಶನವನ್ನು ಮೊದಲ ದಿನದ ಬೆಳಗಿನ ವೇಳೆಗೇ ಕಾದಿರಿಸಿ, ಸಂಜೆ ಕಾಳಹಸ್ತಿಯಲ್ಲಿ ಕಾರನ್ನು ನಿಲ್ಲಿಸದೆ ಮುಂದೆ ಹೋಗಿ ಸರೋವರದ ಬಳಿಯ ಸೂಳ್ಳೂರುಪೇಟೆಯಲ್ಲಿ ತಂಗಿದೆವು. ಕೋಣೆಗೆ ಒಂದೂವರೆ ಸಾವಿರದಷ್ಟಾಯಿತು. ಬೆಳಕು ಹರಿಯುವ ಮುನ್ನವೇ ಹೊರಟು ಶ್ರೀಹರಿಕೋಟದ ಕಡೆಗೆ ಸರೋವರವನ್ನು ಸೀಳಿಕೊಂಡು ಹೋಗುವ ರಸ್ತೆಗೆ ಇಳಿದೆವು. ಚಳಿಗಾಲದ ಸೂರ್ಯ ಆಗ್ನೇಯದಲ್ಲಿ ಏಳುವುದರಿಂದ ರಸ್ತೆಯ ಉತ್ತರಕ್ಕಿರುವ ಹಕ್ಕಿಗಳ ಮೇಲೆ ಬೆಳಕು ಎದುರಿನಿಂದ ಬಿದ್ದು ರೆಕ್ಕೆಯ ಕೆಂಪು ಎದ್ದು ಕಾಣುತ್ತದೆ, ದಕ್ಷಿಣದವು ಬರಿಯ ಕಪ್ಪು ಆಕೃತಿಗಳಾಗುತ್ತವೆ. ರಾಜಹಂಸಗಳು ತೀರ ಹತ್ತಿರಕ್ಕೆ ಬರುವ ಜಾಗವೊಂದು ನನಗೆ ಗೊತ್ತು. ಜನ ಮುತ್ತಿದರೆ ಅವು ದೂರ ಸರಿಯುತ್ತವೆಯಾದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ನೇಲಪಟ್ಟುವನ್ನು ಎರಡನೆಯದಾಗಿ ಇಟ್ಟುಕೊಂಡದ್ದಕ್ಕೂ ಕಾರಣವಿದೆ. ಅಲ್ಲಿ ನೀರಿನ ನಡುವಿನ ಮರಗಳ ಮೇಲೆ ಗೂಡು ಕಟ್ಟುವ ಹೆಜ್ಜಾರ್ಲೆಗಳು (ಪೆಲಿಕನ್) ಪುಲಿಕಾಟ್‌ನಿಂದ ಮೀನು ತರುತ್ತವೆ, ಹಾಗಾಗಿ ಬಿಸಿಲೇರಿದ ಮೇಲೂ ಕೆರೆಯ ಏರಿಯಿಂದ ಮರಿಗಳಿಗೆ ಉಣಿಸುವುದನ್ನು ನೋಡಬಹುದು. ಮರಿಯೊಂದು ತಾಯಿಯ ಗಂಟಲ ಚೀಲಕ್ಕೆ ತಲೆಯನ್ನೇ ತೂರಿಸಿದ್ದನ್ನು ನೋಡಿ, ಈ ಸುತ್ತನ್ನು ವಿರೋಧಿಸಿದ್ದ ಅತ್ತೆಯವರೇ ಇನ್ನೂ ಸ್ವಲ್ಪ ಹೊತ್ತು ನಿಲ್ಲೋಣವೆಂದರು.

ಇದಕ್ಕಾಗಿ ನಾನು ಊರಿನಲ್ಲೇ ಕಣ್ಣು ಪಳಗಿಸಿಕೊಂಡಿದ್ದೆ. 2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಜಿಲ್ಲೆಗೆ ಬಂದ ಮೇಲೆ ತುಂಬಿದ ಕೆರೆಗಳ ದಂಡೆಯಲ್ಲಿ ಭಾನುವಾರಗಳಂದು ದುರ್ಬೀನು ಹಿಡಿದು ಕೂತು, ಬಣ್ಣದ ಕೊಕ್ಕರೆಯನ್ನೂ ಬಾಯ್ಕಳಕ ಕೊಕ್ಕರೆಯನ್ನೂ ಹಾರಾಟದಲ್ಲೇ ಬೇರೆ ಮಾಡುವುದನ್ನು ಕಲಿತಿದ್ದೆ. ಕಡಿಮೆ ಬೆಲೆಯ ಮೊಬೈಲ್ ಮಸೂರವೊಂದನ್ನೂ ಅಲ್ಲೇ ಪರೀಕ್ಷಿಸಿ ಕೈಬಿಟ್ಟೆ. ಎಂಟು ಪಟ್ಟು ಹಿಗ್ಗಿಸುವ ಹಳೆಯ ದುರ್ಬೀನು ಅದಕ್ಕಿಂತ ಎಷ್ಟೋ ಮೇಲು.

ಮಧ್ಯಾಹ್ನ ಹಿಂದಿರುಗುವಾಗ ಕಾಳಹಸ್ತಿಯಲ್ಲಿ ಪೂಜೆ ಮುಗಿಸಿ, ನಿಯಮದಂತೆ ಎಲ್ಲೂ ನಿಲ್ಲದೆ ರಾತ್ರಿ ಹತ್ತರ ಸುಮಾರಿಗೆ ಕೋಲಾರ ತಲುಪಿದೆವು. ಸ್ವಂತ ಕಾರಿನಲ್ಲಿ ಐದು ಜನಕ್ಕೆ ಪೆಟ್ರೋಲು, ಟೋಲು, ಕೋಣೆ, ಊಟ ಸೇರಿ ಹತ್ತು ಸಾವಿರದೊಳಗೆ ಮುಗಿಯಿತು. ದರ್ಶನದ ತಲಾ ಮುನ್ನೂರು ಬೇರೆ. ಆ ಟಿಕೆಟ್ಟುಗಳು ತಿಂಗಳುಗಳ ಮೊದಲೇ ಬಿಡುಗಡೆಯಾಗಿ ಬೇಗ ಮುಗಿದುಹೋಗುವುದರಿಂದ, ಬರುವ ಜನವರಿಗೆ ಯೋಚಿಸುವವರು ದಸರೆಯ ಹೊತ್ತಿಗೇ ದಿನ ನಿಶ್ಚಯಿಸಿಕೊಂಡಿರಬೇಕು.